ಚಿತ್ತವಿಕಾರ, ಯಕೃತ್ತು ಮತ್ತು ಶ್ರಾವಕಧರ್ಮ

ಮನೆಯ ಹಿರಿಯರ ಮಾತಿನಲ್ಲಿ ತಾಳ ತಪ್ಪತೊಡಗಿದಾಗ ನಮ್ಮಲ್ಲಿ ವಿವರಣೆಗಳಿಗೆ ಕೊರತೆಯಿರುವುದಿಲ್ಲ. ಅರುವತ್ತಕ್ಕೆ ಅರಳುಮರಳು ಎಂದು ಕೆಲವರು ಸಮಾಧಾನಪಡುತ್ತಾರೆ. ಅಶುಭಕರ್ಮದ ಉದಯವೆಂದು ಕೆಲವರು ನಿಟ್ಟುಸಿರುಬಿಡುತ್ತಾರೆ. ಗಾಳಿ ಸೋಕಿದೆಯೆಂಬ ಶಂಕೆಯನ್ನು ಸುಶಿಕ್ಷಿತರು ಬಾಯಿಬಿಟ್ಟು ಆಡುವುದಿಲ್ಲವಾದರೂ ಹೊಂಬುಜಕ್ಕೋ ಸಿಂಹನಗದ್ದೆಗೋ ಒಮ್ಮೆ ಕರೆದೊಯ್ದು ಬರುತ್ತಾರೆ. ಈ ಯಾವ ವಿವರಣೆಯೂ ಪ್ರೀತಿಯ ಅಭಾವದಿಂದ ಹುಟ್ಟಿದ್ದಲ್ಲ. ಆದರೆ ಇವುಗಳಲ್ಲಿ ಒಂದನ್ನು ಒಪ್ಪಿಕೊಂಡ ಕ್ಷಣವೇ ಕಾರಣದ ಹುಡುಕಾಟ ನಿಂತುಹೋಗುತ್ತದೆ. ಅಂತಹ ಹುಡುಕಾಟವೊಂದರ ಇತಿಹಾಸವನ್ನು, ಅದರಲ್ಲಿಯೂ ಮಾಂಸತ್ಯಾಗಿಗಳಾದ ನಮ್ಮ ಸಮಾಜಕ್ಕೆ ಸಂಬಂಧಿಸಿದ ಭಾಗವನ್ನು, ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯದೇ ಸಂಗತಿ. 1990ರ ದಶಕದ ಕೊನೆಯ ವರ್ಷಗಳಲ್ಲಿ ನನ್ನ ಸೋದರತ್ತೆಗೆ 68 ವರ್ಷ. ಅಷ್ಟಮಿ ಚತುರ್ದಶಿಗಳ ಏಕಾಶನವನ್ನು ಎಂದೂ ತಪ್ಪಿಸಿದವರಲ್ಲ. ಮಾವನವರು ತೀರಿಕೊಂಡ ಮೇಲೆ ಹಾಲು, ಮೊಸರು, ತುಪ್ಪಗಳನ್ನೂ ತ್ಯಜಿಸಿ ಒಂಬತ್ತು ವರ್ಷಗಳಾಗಿದ್ದವು. ಮನೆಯಲ್ಲಿ ಯಾರ ಮೇಲೂ ಏರುದನಿಯಲ್ಲಿ ಮಾತನಾಡಿ ಅರಿಯದ ಅವರು, ತಾವು ಸೋಸಿಟ್ಟ ನೀರನ್ನು ರಾತ್ರಿ ಸೊಸೆ ಬದಲಿಸುತ್ತಾಳೆ ಎಂದು ದೂರತೊಡಗಿದರು. ಬೀಗದ ಕೈಗಳನ್ನು ತಾವೇ ಅಕ್ಕಿಯ ಡಬ್ಬದಲ್ಲಿ ಬಚ್ಚಿಟ್ಟು, ಕಳುವಾಯಿತೆಂದು ಅತ್ತರು. ಐವತ್ತು ವರ್ಷಗಳಿಂದ ನಾಲಗೆಯ ಮೇಲಿದ್ದ ಭಕ್ತಾಮರ ಸ್ತೋತ್ರ ನಡುವೆ ಎಲ್ಲಿಯೋ ನಿಂತು ಮುಂದುವರಿಯದಾಯಿತು. ಬಸದಿಯ ಮೆಟ್ಟಿಲಿಳಿಯುವಾಗ ಹತ್ತಿಯ ಮೇಲೆ ಕಾಲಿಟ್ಟಂತಾಗುತ್ತದೆ ಎಂದೂ ಹೇಳುತ್ತಿದ್ದರು. ಅದನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವೇಳೆಗಾಗಲೇ ಅವರ ಮಾತನ್ನು ನಂಬುವ ರೂಢಿ ನಮಗೆ ತಪ್ಪಿಹೋಗಿತ್ತು.

ಮೊದಲು ನೋಡಿದ ವೈದ್ಯರು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ರಕ್ತ ಸರಿಯಾಗಿಯೇ ಇದೆ, ಇದು ವಯೋಧರ್ಮ ಎಂದು ನಿದ್ರೆಯ ಮಾತ್ರೆ ಬರೆದುಕೊಟ್ಟರು. ಎರಡನೆಯವರು ಇದನ್ನು ಸಂಶಯಪ್ರಧಾನವಾದ ಮನೋರೋಗವೆಂದು ನಿರ್ಣಯಿಸಿ ಬೇರೆ ಮಾತ್ರೆಗಳನ್ನು ಕೊಟ್ಟರು. ಅವುಗಳಿಂದ ಮೈ ಬಿಗಿದುಕೊಂಡಿತೇ ಹೊರತು ಸಂಶಯ ಹೋಗಲಿಲ್ಲ. ಮೂರನೆಯವರು ನರರೋಗತಜ್ಞರು. ಅವರು ಕಾಲಿನ ವಿಷಯವನ್ನು ಕೇಳಿದವರೇ, ಶ್ರುತಿಕವೆಯನ್ನು ತಟ್ಟಿ ಅತ್ತೆಯ ಪಾದದ ಗಂಟಿನ ಮೇಲಿಟ್ಟರು. ಅದರ ಕಂಪನ ಅತ್ತೆಗೆ ತಿಳಿಯಲೇ ಇಲ್ಲ. ಬಿ-12 ಜೀವಸತ್ವದ ಕೊರತೆಯಿರಬೇಕು, ರಕ್ತವನ್ನು ಪರೀಕ್ಷೆಗೆ ಕಳುಹಿಸಿ ಇಂದೇ ಚುಚ್ಚುಮದ್ದು ಆರಂಭಿಸೋಣ ಎಂದರು.

ಆಗ ನನ್ನ ದೊಡ್ಡಪ್ಪನವರು, ‘ಈ ಔಷಧಿಯನ್ನು ಯಾವುದರಿಂದ ತಯಾರಿಸುತ್ತಾರೆ?’ ಎಂದು ಕೇಳಿದರು. ವೈದ್ಯರಿಗೆ ಉತ್ತರ ತಿಳಿದಿರಲಿಲ್ಲ. ದೊಡ್ಡಪ್ಪನವರಿಗೆ ತಿಳಿದಿತ್ತು, ಅಥವಾ ತಿಳಿದಿದೆಯೆಂದು ಅವರು ಭಾವಿಸಿದ್ದರು. ಅವರ ಯೌವನದಲ್ಲಿ ರಕ್ತಹೀನತೆಗೆ ಕೊಡುತ್ತಿದ್ದ ‘ಲಿವರ್ ಎಕ್ಸ್‌ಟ್ರಾಕ್ಟ್’ ಪ್ರಾಣಿಯ ಯಕೃತ್ತಿನ ಸಾರವೇ ಆಗಿತ್ತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಅಷ್ಟಮೂಲಗುಣಗಳಲ್ಲಿ ಪಂಚಾಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವೂ ಸೇರಿದೆ. ವ್ರತಸ್ಥೆಯಾದ ತಂಗಿಯ ಮೈಗೆ ಯಕೃತ್ತಿನ ಸಾರವನ್ನು ಸೇರಿಸುವುದೆಂತು? ಅವರ ಮಾತನ್ನು ಮೀರುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹನ್ನೊಂದು ವಾರಗಳು ಹಾಗೆಯೇ ಕಳೆದವು.

ದೊಡ್ಡಪ್ಪನವರ ಪ್ರಶ್ನೆ ತಪ್ಪಾಗಿರಲಿಲ್ಲ. ಅವರು ತಾವೇ ಕೊಟ್ಟುಕೊಂಡ ಉತ್ತರ ಮಾತ್ರ ಐವತ್ತು ವರ್ಷ ಹಳೆಯದಾಗಿತ್ತು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ನಾವು ಲಂಡನ್ನಿನ ಗೈಸ್ ಆಸ್ಪತ್ರೆಯಿಂದ ಆರಂಭಿಸಬೇಕಾಗುತ್ತದೆ.

ಆ ಆಸ್ಪತ್ರೆಯ ಥಾಮಸ್ ಆಡಿಸನ್ 1849ರಲ್ಲಿ ಒಂದು ವಿಚಿತ್ರ ರಕ್ತಹೀನತೆಯನ್ನು ವೈದ್ಯರ ಸಭೆಯೊಂದರಲ್ಲಿ ವರ್ಣಿಸಿದನು. 1855ರಲ್ಲಿ ಅದು ಅವನ ಗ್ರಂಥದಲ್ಲಿಯೂ ಬಂದಿತು. ರಕ್ತಸ್ರಾವವಿಲ್ಲ, ಗಡ್ಡೆಯಿಲ್ಲ, ಕ್ಷಯವಿಲ್ಲ. ಆದರೂ ರೋಗಿ ದಿನೇ ದಿನೇ ಬಿಳಿಚಿಕೊಳ್ಳುತ್ತ ಕೊನೆಗೆ ಸಾಯುತ್ತಾನೆ. ಅಂತಹವರ ಮನಸ್ಸು ಆಗಾಗ ಅಲೆಯುತ್ತದೆ ಎಂಬುದನ್ನೂ ಆಡಿಸನ್ ಗಮನಿಸಿದ್ದನು. ಜ್ಯೂರಿಚ್‌ನ ಆಂಟನ್ ಬೀರ್ಮರ್ 1872ರಲ್ಲಿ ಈ ರೋಗಕ್ಕೆ ‘ಮಾರಕ ರಕ್ತಹೀನತೆ’ ಎಂಬರ್ಥದ ಹೆಸರಿಟ್ಟನು. 1887ರಲ್ಲಿ ಲಿಖ್ಟ್‌ಹೈಮ್ ಎಂಬ ಜರ್ಮನ್ ವೈದ್ಯನು ಇಂತಹ ರೋಗಿಗಳ ಬೆನ್ನುಹುರಿಯಲ್ಲಿ ವಿಕಾರವನ್ನು ಕಂಡನು. 1900ರಲ್ಲಿ ಲಂಡನ್ನಿನ ರಸೆಲ್, ಬ್ಯಾಟನ್ ಮತ್ತು ಕೋಲಿಯರ್ ಆ ವಿಕಾರವನ್ನು ವಿಸ್ತಾರವಾಗಿ ವರ್ಣಿಸಿದರು. ಇಷ್ಟಾದರೂ ರಕ್ತದ ವೈದ್ಯರು ರಕ್ತವನ್ನೂ ನರಗಳ ವೈದ್ಯರು ಬೆನ್ನುಹುರಿಯನ್ನೂ ಹುಚ್ಚಾಸ್ಪತ್ರೆಯ ವೈದ್ಯರು ಚಿತ್ತವಿಭ್ರಮೆಯನ್ನೂ ಬೇರೆಬೇರೆಯಾಗಿಯೇ ನೋಡುತ್ತಿದ್ದರು. ಅಂಧಗಜನ್ಯಾಯವನ್ನು ನಮ್ಮ ಮಕ್ಕಳಿಗೆ ವಿವರಿಸುವಾಗ ಈ ಉದಾಹರಣೆಯನ್ನೂ ಸೇರಿಸಿಕೊಳ್ಳಬಹುದು.

ಚಿಕಿತ್ಸೆ ಬಂದದ್ದು ಒಂದು ತಪ್ಪು ದಾರಿಯಿಂದ. ಅಮೆರಿಕದ ಜಾರ್ಜ್ ವಿಪ್ಪಲ್ ನಾಯಿಗಳ ರಕ್ತವನ್ನು ಹೊರತೆಗೆದು ಅವುಗಳನ್ನು ರಕ್ತಹೀನವಾಗಿಸಿ, ಯಾವ ಆಹಾರದಿಂದ ರಕ್ತ ಬೇಗ ತುಂಬುತ್ತದೆ ಎಂದು ಪರೀಕ್ಷಿಸಿದನು. ಯಕೃತ್ತು ಎಲ್ಲಕ್ಕಿಂತ ಉತ್ತಮವೆಂದು ಕಂಡಿತು. ಆ ನಾಯಿಗಳಿಗೆ ಒದಗಿದ್ದು ಕಬ್ಬಿಣದ ಕೊರತೆ. ಮಾರಕ ರಕ್ತಹೀನತೆಗೂ ಅದಕ್ಕೂ ಸಂಬಂಧವಿಲ್ಲವೆಂಬುದು ತಿಳಿದದ್ದು ತಡವಾಗಿ. ಆದರೆ ಆ ಸುಳಿವನ್ನು ಹಿಡಿದು ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ ತಮ್ಮ ರೋಗಿಗಳಿಗೆ ದಿನವೂ ಸುಮಾರು ಅರ್ಧ ಪೌಂಡಿನಷ್ಟು ಯಕೃತ್ತನ್ನು ತಿನ್ನಿಸಿದರು. 1926ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ 45 ರೋಗಿಗಳ ವೃತ್ತಾಂತವಿದೆ. ಸಾವು ನಿಶ್ಚಿತವೆಂದಿದ್ದವರು ಎದ್ದು ಓಡಾಡಿದರು. 1934ರಲ್ಲಿ ಈ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಸ್ವತಃ ಮಧುಮೇಹಿಯಾಗಿದ್ದ ಮೈನಾಟ್ ಬದುಕಿದ್ದುದೇ ಪ್ರಾಣಿಗಳ ಅಂಗದಿಂದ ತೆಗೆದ ಇನ್ಸುಲಿನ್‌ನಿಂದ. ಒಂದು ಜೀವದ ಉಳಿವಿಗೆ ಇನ್ನೊಂದು ಜೀವದ ಅಂಗವೆಂಬುದು ಆ ಕಾಲದ ವೈದ್ಯವಿಜ್ಞಾನಕ್ಕೆ ಪ್ರಶ್ನೆಯಾಗಿಯೇ ತೋರಿರಲಿಲ್ಲ.

ಹಸಿ ಯಕೃತ್ತನ್ನು ತಿನ್ನುವುದು ಮಾಂಸಾಹಾರಿಗಳಿಗೂ ಹೇಸಿಗೆಯ ಕೆಲಸವಾಗಿತ್ತು. ಎರಡು ವರ್ಷಗಳೊಳಗೆ ಎಡ್ವಿನ್ ಕೋನ್ ಅದರ ಸಾರವನ್ನು ತೆಗೆದನು. ಮುಂದೆ ಅದನ್ನು ಚುಚ್ಚುಮದ್ದಾಗಿ ಕೊಡುವ ಪದ್ಧತಿ ಬಂದಿತು. ದೊಡ್ಡಪ್ಪನವರ ನೆನಪಿನಲ್ಲಿ ಉಳಿದದ್ದು ಇದೇ. ಇದೇ ಕಾಲದಲ್ಲಿ ವಿಲಿಯಂ ಕ್ಯಾಸಲ್ ಎಂಬುವನು ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟನು. ಆರೋಗ್ಯವಂತರ ಜಠರದಲ್ಲಿ ಒಂದು ಅಂತರ್ದ್ರವ್ಯವಿದೆ. ಆಹಾರದಲ್ಲಿರುವ ಬಾಹ್ಯದ್ರವ್ಯವು ಅದರ ಜೊತೆಗೂಡಿದರೆ ಮಾತ್ರ ದೇಹಕ್ಕೆ ಸೇರುತ್ತದೆ. ಮಾರಕ ರಕ್ತಹೀನತೆಯಲ್ಲಿ ಇಲ್ಲವಾಗುವುದು ಆ ಅಂತರ್ದ್ರವ್ಯ. ಅಂದಮೇಲೆ ಒಂದೇ ಕೊರತೆಗೆ ಎರಡು ದಾರಿಗಳುಂಟು: ತಿಂದದ್ದು ಹತ್ತದಿರುವುದು ಒಂದು, ತಿನ್ನದೆಯೇ ಇರುವುದು ಇನ್ನೊಂದು. ಎರಡನೆಯದು ನಮಗೆ ಸಂಬಂಧಿಸಿದ್ದು.

1926ರಿಂದ 1948ರವರೆಗಿನ 22 ವರ್ಷಗಳಲ್ಲಿ ಈ ರೋಗಕ್ಕೆ ತುತ್ತಾದ ಶ್ರಾವಕನಿಗೆ ಯಕೃತ್ತಲ್ಲದೆ ಬೇರೆ ಮದ್ದಿರಲಿಲ್ಲ. ಅವನ ಧರ್ಮಸಂಕಟವನ್ನು ಹಗುರವಾಗಿ ಕಾಣುವುದು ಸಲ್ಲದು. ನಮ್ಮ ಆಚಾರ್ಯರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿದ್ದರು. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವೆಂಬ ವೈದ್ಯಗ್ರಂಥ 1940ರಲ್ಲಿ ಸೊಲ್ಲಾಪುರದಿಂದ ಮುದ್ರಣವಾಗಿ ಬಂದಿದೆ. ಅದರ ಕೊನೆಯ ಹಿತಾಹಿತಾಧ್ಯಾಯ ಮಾಂಸೌಷಧದ ಖಂಡನೆಗೇ ಮೀಸಲಾದುದು. ನೃಪತುಂಗನ ಸಭೆಯಲ್ಲಿ ವೈದ್ಯರ ಸಮ್ಮುಖದಲ್ಲಿ ಅದನ್ನು ಪ್ರತಿಪಾದಿಸಿದುದಾಗಿ ಗ್ರಂಥವೇ ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಆಧರಿಸಿ ರಚಿಸಿದ ಕರ್ಣಾಟಕ ಕಲ್ಯಾಣಕಾರಕವೂ ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಚಿಕಿತ್ಸೆಯನ್ನೇ ಹೇಳುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಇವರು ರೋಗಿಯನ್ನು ಹಾಗೆಯೇ ಬಿಟ್ಟುಬಿಡಿ ಎನ್ನಲಿಲ್ಲ. ಮಾಂಸವಿಲ್ಲದೆ ಗುಣಪಡಿಸುವ ಮಾರ್ಗವನ್ನು ಹುಡುಕಿ ಗ್ರಂಥಗಳನ್ನೇ ಬರೆದರು. ಹುಡುಕಾಟವನ್ನು ನಿಲ್ಲಿಸಲು ಅವರ ಹೆಸರನ್ನು ಬಳಸಿಕೊಂಡವರು ನಾವು.

ಯಕೃತ್ತಿನಲ್ಲಿದ್ದ ಆ ದ್ರವ್ಯವಾದರೂ ಯಾವುದು? ಇದನ್ನು ಕಂಡುಹಿಡಿಯಲು ಇಪ್ಪತ್ತೆರಡು ವರ್ಷ ಹಿಡಿದುದಕ್ಕೆ ಕಾರಣವಿದೆ. ಈ ರೋಗ ಬರುವ ಪ್ರಾಣಿ ಯಾವುದೂ ಸಿಕ್ಕಿರಲಿಲ್ಲ. ಯಕೃತ್ತಿನಿಂದ ಬೇರ್ಪಡಿಸಿದ ಪ್ರತಿಯೊಂದು ಅಂಶವನ್ನೂ ರೋಗ ಉಲ್ಬಣಿಸಿದ್ದ, ಚಿಕಿತ್ಸೆಯಿನ್ನೂ ಆರಂಭವಾಗದ ಮನುಷ್ಯರ ಮೇಲೆಯೇ ಪರೀಕ್ಷಿಸಬೇಕಾಗಿತ್ತು. ಗುಣಪಡಿಸುವ ಮದ್ದು ಕೈಯಲ್ಲಿರುವಾಗ, ಗುಣ ತಿಳಿಯದ ಅಂಶವೊಂದನ್ನು ಕೊಟ್ಟು ಕಾದು ನೋಡುವುದು ಸಣ್ಣ ಸಂಕಟವಲ್ಲ. ಈ ಸಂಕಟವನ್ನು ಬಿಡಿಸಿದವಳು ಮೇರಿಲ್ಯಾಂಡಿನ ಮೇರಿ ಶಾ ಶೋರ್ಬ್. ಯಕೃತ್ತಿನ ಸಾರವಿಲ್ಲದೆ ಬೆಳೆಯದ ಒಂದು ಸೂಕ್ಷ್ಮಜೀವಿಯನ್ನು ಅವಳು ಗುರುತಿಸಿದಳು. ಅದು ಎಷ್ಟು ಬೆಳೆಯಿತೆಂಬುದನ್ನು ನೋಡಿ ಔಷಧಿಯ ಶಕ್ತಿಯನ್ನು ಅಳೆಯುವುದು ಸಾಧ್ಯವಾಯಿತು. 1948ರಲ್ಲಿ ಅಮೆರಿಕದ ಮರ್ಕ್ ಸಂಸ್ಥೆಯವರೂ ಇಂಗ್ಲೆಂಡಿನ ಗ್ಲಾಕ್ಸೋ ಸಂಸ್ಥೆಯ ಲೆಸ್ಟರ್ ಸ್ಮಿತ್‌ನೂ ಆ ದ್ರವ್ಯವನ್ನು ಬೇರ್ಪಡಿಸಿದರು. ಅದೇ ಕೆಂಪು ಹರಳಿನ ಬಿ-12.

ಅದೇ ವರ್ಷದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದು ನಮ್ಮ ಮನೆಗಳಿಗೆ ಐವತ್ತು ವರ್ಷವಾದರೂ ತಲುಪಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಔಷಧಿಗಾಗಿ ಬೆಳೆಸುತ್ತಿದ್ದ ಮಣ್ಣಿನ ಸೂಕ್ಷ್ಮಜೀವಿಗಳ ದ್ರಾವಣದಲ್ಲಿಯೂ ಬಿ-12 ಇದೆಯೆಂದು ಮರ್ಕ್‌ನವರು ಕಂಡುಕೊಂಡರು. ಪ್ರಾಣಿಯಾಗಲಿ ಸಸ್ಯವಾಗಲಿ ಈ ಜೀವಸತ್ವವನ್ನು ತಾನಾಗಿ ನಿರ್ಮಿಸಲಾರದು, ಸೂಕ್ಷ್ಮಜೀವಿಗಳು ಮಾತ್ರ ನಿರ್ಮಿಸಬಲ್ಲವು. ಹಸುವಿನ ಯಕೃತ್ತಿಗೂ ಅದು ಬರುವುದು ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಂದಲೇ. ಡೊರೊತಿ ಹಾಡ್ಜ್‌ಕಿನ್ 1950ರ ದಶಕದಲ್ಲಿ ಬಿಡಿಸಿದ ಇದರ ರಚನೆ ಎಷ್ಟು ಜಟಿಲವೆಂದರೆ, 1970ರ ದಶಕದ ಆರಂಭದಲ್ಲಿ ಪ್ರಯೋಗಶಾಲೆಯಲ್ಲಿ ಅದನ್ನು ಕಟ್ಟಿದರೂ ಆ ಮಾರ್ಗ ತಯಾರಿಕೆಗೆ ಒದಗಲಿಲ್ಲ. ಈಗ ಔಷಧಿಯ ಅಂಗಡಿಯಲ್ಲಿ ಸಿಗುವ ಬಿ-12 ಎಲ್ಲವೂ ಬ್ಯಾಕ್ಟೀರಿಯಗಳ ಹುದುಗುವಿಕೆಯಿಂದ ತಯಾರಾದುದು. ಅದರಲ್ಲಿ ಸ್ಥಾವರಜೀವಿಗಳ ವಿರಾಧನೆಯ ಪ್ರಶ್ನೆ ಉಳಿಯುವುದಲ್ಲವೇ ಎಂದು ಸೂಕ್ಷ್ಮದೃಷ್ಟಿಯವರು ಕೇಳಬಹುದು. ಗೃಹಸ್ಥನ ಅಹಿಂಸಾಣುವ್ರತ ಸಂಕಲ್ಪಪೂರ್ವಕವಾದ ತ್ರಸಹಿಂಸೆಯ ತ್ಯಾಗವನ್ನು ವಿಧಿಸುತ್ತದೆ. ಆ ಮಿತಿಯೊಳಗೆ ಇದು ವರ್ಜ್ಯವಲ್ಲವೆಂದು ನನ್ನ ಅಭಿಪ್ರಾಯ. ಮಹಾವ್ರತಿಗಳ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗಿಲ್ಲ.

ಆದರೆ ಔಷಧಿ ದೊರಕಿತೆಂದಮಾತ್ರಕ್ಕೆ ರೋಗನಿರ್ಣಯದ ತೊಡಕು ಕಳೆಯಲಿಲ್ಲ. ಈ ತೊಡಕಿನ ಒಂದು ಎಳೆ ನಮ್ಮ ದೇಶದಲ್ಲಿಯೇ ಇದೆ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ, ಬಡ ಬಸುರಿಯರ ರಕ್ತಹೀನತೆಗೆ ಮಾರ್ಮೈಟ್ ಎಂಬ ಯೀಸ್ಟಿನ ಸಾರ ಮದ್ದಾಗುವುದೆಂದು ತೋರಿಸಿಕೊಟ್ಟಳು. ಆ ಸಾರದಲ್ಲಿದ್ದುದು ಮುಂದೆ ಫೋಲಿಕ್ ಆಮ್ಲವೆಂದು ಗುರುತಿಸಲ್ಪಟ್ಟಿತು. 1945ರ ಸುಮಾರಿಗೆ ಅದನ್ನು ಕೃತಕವಾಗಿ ತಯಾರಿಸಿ ಮಾರಕ ರಕ್ತಹೀನತೆಯ ರೋಗಿಗಳಿಗೂ ಕೊಟ್ಟು ನೋಡಿದರು. ರಕ್ತ ತುಂಬಿತು, ಮುಖಕ್ಕೆ ಕಳೆ ಬಂದಿತು. ಯಕೃತ್ತಿನ ಕಾಟ ತಪ್ಪಿತೆಂದು ಎಲ್ಲರೂ ಹಿಗ್ಗಿದರು. ಕೆಲವು ತಿಂಗಳುಗಳಲ್ಲಿ ಅದೇ ರೋಗಿಗಳ ಕಾಲು ಜೋಮು ಹಿಡಿಯತೊಡಗಿತು. ರಕ್ತಕಣಗಳ ನಿರ್ಮಾಣದಲ್ಲಿ ಫೋಲಿಕ್ ಆಮ್ಲ ಬಿ-12ರ ಕೊರತೆಯನ್ನು ಮುಚ್ಚಬಲ್ಲದು, ನರಗಳ ಹೊದಿಕೆಯ ರಕ್ಷಣೆಯಲ್ಲಿ ಮುಚ್ಚಲಾರದು. ರಕ್ತ ಚೆನ್ನಾಗಿದೆ ಎಂಬ ವರದಿಯ ಹಿಂದೆ ನರಗಳು ಸವೆಯುತ್ತಲೇ ಇದ್ದವು.

ಸೊಪ್ಪು, ಬೇಳೆ, ಕಾಳುಗಳನ್ನು ಉಣ್ಣುವ ನಮ್ಮಂತಹವರಿಗೆ ಫೋಲೇಟ್ ಆಹಾರದಿಂದಲೇ ಸಾಕಷ್ಟು ದೊರೆಯುತ್ತದೆ. ಆದುದರಿಂದ ಬಿ-12 ಬರಿದಾದರೂ ರಕ್ತ ಅದನ್ನು ಹೇಳದೆ ಇರಬಹುದು. ಬಿ-12ರ ಕೊರತೆಯಲ್ಲಿ ದೊಡ್ಡದಾಗಬೇಕಾದ ರಕ್ತಕಣಗಳು ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ದೊಡ್ಡದಾಗದೆ ವೈದ್ಯರ ಕಣ್ಣು ತಪ್ಪಿಸುತ್ತವೆ. ಎ. ಡಿ. ಎಂ. ಸ್ಮಿತ್ ಎಂಬ ವೈದ್ಯನು 1960ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನ ಈ ಕೊರತೆಯಿಂದ ಬರುವ ಬುದ್ಧಿವಿಕಾರವನ್ನು ಕುರಿತದ್ದು. 1988ರಲ್ಲಿ ಲಿಂಡೆನ್‌ಬಾಮ್ ಮತ್ತು ಅವನ ಸಹೋದ್ಯೋಗಿಗಳು ಅಮೆರಿಕದಲ್ಲಿ ಬಿ-12ರ ಕೊರತೆಯಿಂದ ನರ ಅಥವಾ ಮನಸ್ಸಿನ ತೊಂದರೆಗೆ ಒಳಗಾದ 141 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ 40 ಮಂದಿಗೆ, ಅಂದರೆ ನೂರಕ್ಕೆ 28ರಷ್ಟು ಜನರಿಗೆ, ರಕ್ತಹೀನತೆಯೂ ಇರಲಿಲ್ಲ, ರಕ್ತಕಣಗಳು ದೊಡ್ಡದಾಗಿಯೂ ಇರಲಿಲ್ಲ. ಜೋಮು, ನಡಿಗೆಯ ತೂಗಾಟ, ಮರೆವು, ಸ್ವಭಾವದ ಬದಲಾವಣೆಗಳೇ ಅವರ ಲಕ್ಷಣಗಳಾಗಿದ್ದವು. ಅತ್ತೆಯ ಹಿಮೋಗ್ಲೋಬಿನ್ ನೋಡಿ ಕೈಚೆಲ್ಲಿದ ವೈದ್ಯರು ಈ ಲೇಖನವನ್ನು ಓದಿದ್ದರೋ ಇಲ್ಲವೋ.

ಮಾನವದೇಹಕ್ಕೆ ಬೇಕಾದ ಬಿ-12 ದಿನಕ್ಕೆ ಸುಮಾರು 2 ಮೈಕ್ರೋಗ್ರಾಂ ಮಾತ್ರ. ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಎರಡು ಭಾಗ. ನಮ್ಮ ಯಕೃತ್ತಿನ ಸಂಗ್ರಹವೇ ಕೆಲವು ವರ್ಷಗಳಿಗೆ ಸಾಲುತ್ತದೆ. ಆದುದರಿಂದ ವ್ರತ ಹಿಡಿದ ವರ್ಷದಲ್ಲಿ ಏನೂ ತೋರದು. ನಾಲ್ಕು, ಐದು, ಒಂಬತ್ತು ವರ್ಷಗಳ ಮೇಲೆ ಫಲ ಕಾಣಿಸಿಕೊಂಡಾಗ ಎರಡರ ಸಂಬಂಧ ಯಾರ ನೆನಪಿಗೂ ಬರುವುದಿಲ್ಲ. ಶಾಕಾಹಾರಿಗಳಿಗೆ ಈ ಜೀವಸತ್ವ ದೊರೆಯುವುದು ಬಹುಮಟ್ಟಿಗೆ ಹಾಲು ಮೊಸರುಗಳಿಂದ. ರಸಪರಿತ್ಯಾಗ ಆರು ಬಾಹ್ಯತಪಗಳಲ್ಲಿ ಒಂದು. ಅದರ ಹಿರಿಮೆಯನ್ನು ಕುಗ್ಗಿಸುವುದು ನನ್ನ ಉದ್ದೇಶವಲ್ಲ. ಹಾಲು ಮೊಸರನ್ನು ಬಿಟ್ಟವರು ಬಿ-12ರ ಏಕೈಕ ಆಧಾರವನ್ನೂ ಬಿಟ್ಟಂತಾಯಿತು ಎಂಬುದನ್ನು ವ್ರತ ಕೊಡುವವರೂ ತೆಗೆದುಕೊಳ್ಳುವವರೂ ತಿಳಿದಿರಬೇಕೆಂದಷ್ಟೇ ಹೇಳುತ್ತೇನೆ. ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಿ ಹೀರಿಕೆಯೂ ಕುಗ್ಗುತ್ತದೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್, ಹುಳಿತೇಗಿಗೆ ಬಹುಕಾಲ ನುಂಗುವ ಮಾತ್ರೆಗಳು ಅದನ್ನು ಇನ್ನಷ್ಟು ಕುಗ್ಗಿಸುತ್ತವೆ.

ವೃದ್ಧರ ಮಾತಾಯಿತು, ಹಸುಳೆಗಳ ಸ್ಥಿತಿ ಇನ್ನೂ ಕರುಣಾಜನಕ. 1962ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಜಾಧವ್, ವೆಬ್, ವೈಷ್ಣವ, ಬೇಕರ್ ಎಂಬ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕೆಲವು ಶಿಶುಗಳನ್ನು ವರ್ಣಿಸಿದರು. ಎದೆಹಾಲನ್ನೇ ಕುಡಿದು ಬೆಳೆಯುತ್ತಿದ್ದ ಆ ಮಕ್ಕಳು ನಗುವುದನ್ನು, ಕೂರುವುದನ್ನು ಕಲಿತು ಮತ್ತೆ ಮರೆತಿದ್ದವು. ಮೈ ಅಲ್ಲಲ್ಲಿ ಕಪ್ಪಾಗಿತ್ತು, ಕೈಕಾಲು ನಡುಗುತ್ತಿದ್ದವು, ಯಾರನ್ನೂ ಯಾವುದನ್ನೂ ಗಮನಿಸದೆ ಮಂಕಾಗಿ ಮಲಗಿರುತ್ತಿದ್ದವು. ಬುದ್ಧಿಮಾಂದ್ಯವೆಂದು ತಿಳಿಯಬಹುದಾಗಿದ್ದ ಈ ಸ್ಥಿತಿಗೆ ಕಾರಣ, ತಾಯಂದಿರಲ್ಲಿಯೇ ಬಿ-12 ಇಲ್ಲದಿದ್ದುದು. ಬಸುರಿಯರ ಆಹಾರಕ್ಕೆ ನಮ್ಮ ಹಿರಿಯರು ಕಟ್ಟುಮಾಡಿದ ಹಾಲಿನ ಪದ್ಧತಿಯನ್ನು ಬಿಡುವ ಮುನ್ನ ಇದನ್ನು ನೆನೆಯುವುದು ಒಳಿತು.

ಇಷ್ಟನ್ನು ಓದಿ, ಚಿತ್ತಚಾಂಚಲ್ಯಕ್ಕೆಲ್ಲ ಬಿ-12 ಒಂದೇ ಮದ್ದೆಂದು ಯಾರೂ ಭಾವಿಸಬಾರದು. ಶಾಕಾಹಾರಿಗಳಲ್ಲಿ ಈ ಕೊರತೆ ಬಹು ಸಾಮಾನ್ಯ, ಮನೋರೋಗಗಳೂ ಲೋಕದಲ್ಲಿ ಸಾಮಾನ್ಯ. ಎರಡೂ ಒಬ್ಬರಲ್ಲಿಯೇ ಇದ್ದಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗಬೇಕೆಂದೇನೂ ಇಲ್ಲ. ಯೌವನದಲ್ಲಿ ಆರಂಭವಾದ ಸ್ಕಿಜೋಫ್ರೇನಿಯಾಕ್ಕೆ ಈ ಸೂಜಿಯನ್ನು ಚುಚ್ಚಿಸಿ, ಮನೋವೈದ್ಯರ ಮಾತ್ರೆಗಳನ್ನು ನಿಲ್ಲಿಸಿದ ಕುಟುಂಬವೊಂದನ್ನು ನಾನು ಬಲ್ಲೆ. ಆ ಹುಡುಗನ ಸ್ಥಿತಿ ಕೆಟ್ಟಿತು. ಕೊರತೆಯನ್ನು ತುಂಬುವುದೂ ರೋಗಕ್ಕೆ ಚಿಕಿತ್ಸೆ ಮಾಡುವುದೂ ಒಟ್ಟಿಗೆ ನಡೆಯಬಹುದು. ಯಾವುದು ಎಷ್ಟು ಎಂಬುದನ್ನು ವೈದ್ಯರು ದಿನಗಳೆದಂತೆ ಕಂಡುಕೊಳ್ಳಲಿ.

ಔಷಧದಾನದ ನಿಧಿಯಿರುವ ಬಸದಿಯ ಟ್ರಸ್ಟುಗಳಿಗೆ ಒಂದು ವ್ಯಾವಹಾರಿಕ ಸೂಚನೆ. ಬಿ-12 ಹುದುಗುವಿಕೆಯಿಂದ ಬಂದುದಾದರೂ ಅದನ್ನು ತುಂಬಿದ ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಜೆಲಟಿನ್. ಜೆಲಟಿನ್ ಆಗುವುದು ಪ್ರಾಣಿಗಳ ಚರ್ಮ ಮತ್ತು ಎಲುಬಿನಿಂದ. ಚುಚ್ಚುಮದ್ದಿಗೂ ಬರಿಯ ಮಾತ್ರೆಗೂ ಆ ಕವಚ ಬೇಡ. ಮದ್ದನ್ನು ಕುರಿತ ಪ್ರಶ್ನೆ ಇಂದಿಗೂ ಉಳಿದಿದ್ದರೆ ಅದು ಇಲ್ಲಿ, ಈ ಸಣ್ಣ ಕವಚದಲ್ಲಿ.

ನಮ್ಮ ಮನೆಯಲ್ಲಿ ಹನ್ನೊಂದನೆಯ ವಾರದ ಕೊನೆಗೆ, ಔಷಧಿಯ ತಯಾರಿಕೆಯಲ್ಲಿ ದುಡಿದು ನಿವೃತ್ತರಾಗಿದ್ದ ನಮ್ಮವರೇ ಒಬ್ಬರು ಬಂದು ದೊಡ್ಡಪ್ಪನವರಿಗೆ ವಿವರಿಸಿದರು. ದೊಡ್ಡಪ್ಪನವರು ಮರುದಿನ ತಾವೇ ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ದರು. ಸೂಜಿ ಆರಂಭವಾದ ಮೂರನೆಯ ವಾರಕ್ಕೆ ಅತ್ತೆ ಸೊಸೆಯ ಕೈಯ ನೀರು ಕುಡಿದರು. ಎರಡು ತಿಂಗಳಿಗೆ ಭಕ್ತಾಮರ ಮೊದಲಿನಿಂದ ಕೊನೆಯವರೆಗೆ ಬಂದಿತು. ಮನಸ್ಸು ತಿಳಿಯಾದ ಮೇಲೆ ಒಂದು ಸಂಜೆ ಎಲ್ಲ ವೃತ್ತಾಂತವನ್ನೂ ಕೇಳಿ ತಿಳಿದುಕೊಂಡು, ‘ವ್ರತ ನನ್ನದು. ನನ್ನನ್ನೊಮ್ಮೆ ಕೇಳಬಹುದಿತ್ತಲ್ಲ ಅಣ್ಣ’ ಎಂದರು. ದೊಡ್ಡಪ್ಪನವರು ಉತ್ತರಿಸಲಿಲ್ಲ. ಆಗ ಕೇಳಿದ್ದರೆ ಯಾವ ಉತ್ತರ ಬರುತ್ತಿತ್ತೋ, ಅದನ್ನು ಅವರ ಉತ್ತರವೆಂದು ಎಣಿಸಬಹುದಾಗಿತ್ತೋ ಎಂಬುದು ನನಗೆ ಇಂದಿಗೂ ಬಗೆಹರಿಯದ ವಿಷಯ.

ಪಾದದ ಜೋಮು ಮಾತ್ರ ಹೋಗಲಿಲ್ಲ. ತೀರಿಕೊಳ್ಳುವವರೆಗೂ ಅವರು ಬಸದಿಯ ಮೆಟ್ಟಿಲನ್ನು ಕೋಲೂರಿಯೇ ಇಳಿಯುತ್ತಿದ್ದರು. ಆ ಹನ್ನೊಂದು ವಾರಗಳಲ್ಲಿ ಹೋದದ್ದೆಷ್ಟು, ಅದಕ್ಕೂ ಮೊದಲೇ ಹೋಗಿದ್ದುದೆಷ್ಟು ಎಂದು ನಾನು ವೈದ್ಯರನ್ನು ಕೇಳಿದ್ದೆ. ಅದನ್ನು ಅಳೆಯುವ ಪರೀಕ್ಷೆ ಯಾವುದೂ ಇಲ್ಲವೆಂದರು.